ಕನಸಿನ ಕಾಲೇಜು ಸಿಗಲಿಲ್ಲ: ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಬೇಕೇ, ಬೇಡವೇ?

"ಪರವಾಗಿಲ್ಲ ಬಿಡಮ್ಮ, ಒಂದು ವರ್ಷ ಎಲ್ಲಾದರೂ ಓದಿ ಆಮೇಲೆ ಟ್ರಾನ್ಸ್‌ಫರ್ ತಗೊಳ್ತೀನಿ." ಮಾರ್ಚ್ ಕೊನೆಯಲ್ಲಿ ಅಮೆರಿಕದ ದೊಡ್ಡ ಕಾಲೇಜುಗಳ ಫಲಿತಾಂಶ ಬಂದಾಗ ಇಲ್ಲಿ ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಮಗು ಅಳು ನುಂಗಿಕೊಂಡು ಹೇಳುತ್ತದೆ. ಅಪ್ಪ ಅಮ್ಮನೂ ಸಮಾಧಾನಕ್ಕೆ ಹೂಂ ಅನ್ನುತ್ತಾರೆ. ಅದೇ ಸಮಯಕ್ಕೆ ಕನ್ನಡ ಸಂಘದ ಯುಗಾದಿ ಊಟ ಬೇರೆ. ಅಲ್ಲಿ ಸಿಕ್ಕವರೆಲ್ಲ "ಯಾವ ಕಾಲೇಜು?" ಅಂತ ಕೇಳುವವರೇ.

ಆ ಮಾತು ನಿಜವಾಗುವ ಅವಕಾಶ ಎಷ್ಟು, ಅದಕ್ಕೆ ಖರ್ಚೇನು, ಯಾರಿಗೆ ಅದು ಒಳ್ಳೆಯದು ಅನ್ನುವುದನ್ನು ಕೂತು ಲೆಕ್ಕ ಹಾಕುವ ಕ್ರಮ ಇಲ್ಲಿದೆ. ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫರ್ ಬೇಕೋ ಬೇಡವೋ ಅಂತ ಏಪ್ರಿಲ್‌ನಲ್ಲಿ ತೀರ್ಮಾನ ಮಾಡಬೇಡಿ, ಜನವರಿಯಲ್ಲಿ ಮಾಡಿ. ಆದರೆ ನಡುವಿನ ತಿಂಗಳುಗಳಲ್ಲಿ ಎರಡೂ ಬಾಗಿಲು ತೆರೆದಿರುವ ಹಾಗೆ ಓದಿ. ಏಪ್ರಿಲ್‌ನಲ್ಲಿ ಮಾತಾಡುವುದು ನೋವು. ಜನವರಿಗೆ ಕೈಯಲ್ಲಿ ಒಂದು ಸೆಮಿಸ್ಟರಿನ ಅನುಭವ ಮತ್ತು ಮಾರ್ಕ್ಸ್ ಇರುತ್ತವೆ.

ಮೊದಲು, ಬಂದ ಉತ್ತರವನ್ನು ಪೂರ್ತಿ ಓದಿ

ಬೇಜಾರಿನಲ್ಲಿ ಮಕ್ಕಳು ಪತ್ರದ ಮೊದಲ ಸಾಲು ಓದಿ ಮುಚ್ಚಿಬಿಡುತ್ತಾರೆ. ಪೂರ್ತಿ ಓದಿ. "ಇಲ್ಲ" ಅನ್ನುವುದರಲ್ಲೂ ಬಗೆಗಳಿವೆ.

ವೇಟ್‌ಲಿಸ್ಟ್ ಆಗಿದ್ದರೆ ಅದು ರಿಜೆಕ್ಷನ್ ಅಲ್ಲ. ಪಟ್ಟಿಯಲ್ಲಿ ಉಳಿಯುತ್ತೇನೆ ಅಂತ ಪೋರ್ಟಲ್‌ನಲ್ಲಿ ಒತ್ತಬೇಕು. ಕಾಲೇಜು ಕೇಳಿದರೆ, ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನಾಗಿದೆ ಅಂತ ಒಂದು ಪುಟದ ಪತ್ರ ಕಳಿಸಬೇಕು. ಹೀಗಿದ್ದರೂ ಮೇ 1ರೊಳಗೆ ಬೇರೆ ಕಾಲೇಜಿಗೆ ಡೆಪಾಸಿಟ್ ಕಟ್ಟಲೇಬೇಕು.

ಇನ್ನೊಂದು ಬಗೆ ಇದೆ, ಷರತ್ತಿನ ಟ್ರಾನ್ಸ್‌ಫರ್. ಕಾರ್ನೆಲ್ ಯೂನಿವರ್ಸಿಟಿ ಕೆಲವು ಮಕ್ಕಳಿಗೆ "ಟ್ರಾನ್ಸ್‌ಫರ್ ಆಪ್ಷನ್" ಅಂತ ಕೊಡುತ್ತದೆ. ಬೇರೆ ಕಡೆ ಒಂದು ವರ್ಷ ಓದಿ, ಅವರು ಹೇಳಿದ ಕೋರ್ಸು ಮತ್ತು ಗ್ರೇಡು ತಂದರೆ ಎರಡನೇ ವರ್ಷಕ್ಕೆ ಸೀಟು. ಜಾರ್ಜಿಯಾ ಟೆಕ್ ಕೂಡ ಕೆಲವರಿಗೆ ಇಂಥ ದಾರಿ ಕೊಡುತ್ತದೆ. ಟೆಕ್ಸಸ್‌ನವರಿಗೆ ಯೂನಿವರ್ಸಿಟಿ ಆಫ್ ಟೆಕ್ಸಸ್ (ಯುಟಿ) ಆಸ್ಟಿನ್‌ನ "ಕ್ಯಾಪ್" ಗೊತ್ತಿರುತ್ತದೆ. ಯುಟಿಯ ಬೇರೊಂದು ಕ್ಯಾಂಪಸ್ಸಿನಲ್ಲಿ ಒಂದು ವರ್ಷ ಓದಿ, 30 ಕ್ರೆಡಿಟ್ ಮುಗಿಸಿ, ಜಿಪಿಎ (ಸರಾಸರಿ ಗ್ರೇಡು) 3.2 ಇಟ್ಟುಕೊಂಡರೆ ಆಸ್ಟಿನ್‌ಗೆ ಬರಬಹುದು. ಇಲ್ಲಿ ಒಂದು ವಿಷಯವನ್ನು ನಮ್ಮವರು ಗಮನಿಸುವುದೇ ಇಲ್ಲ: ಆ ಭರವಸೆ ಇರುವುದು ಲಿಬರಲ್ ಆರ್ಟ್ಸ್ ವಿಭಾಗಕ್ಕೆ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಅಥವಾ ಬಿಸಿನೆಸ್ ಬೇಕಿದ್ದರೆ ಉಳಿದವರ ಜೊತೆ ಸ್ಪರ್ಧೆ ಮಾಡಲೇಬೇಕು. ಇಂಥ ಪತ್ರ ಬಂದಿದ್ದರೆ ಆ ವರ್ಷದ ನಿಯಮಗಳನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಕೋರ್ಸು ಆರಿಸುವಾಗ ಅದೇ ನಿಮ್ಮ ಪಟ್ಟಿ.

ಅಪೀಲ್ ಮಾಡೋಣವಾ ಅಂತ ಕೆಲವರು ಕೇಳುತ್ತಾರೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್ಸುಗಳು ಅಪೀಲ್ ತೆಗೆದುಕೊಳ್ಳುತ್ತವೆ. ಅರ್ಜಿಯಲ್ಲಿ ಇಲ್ಲದ ಗಟ್ಟಿಯಾದ ಹೊಸ ಮಾಹಿತಿ ಇದ್ದರೆ ಮಾತ್ರ ಅದಕ್ಕೆ ಅರ್ಥ. "ನಮ್ಮ ಮಗ ತುಂಬಾ ಕಷ್ಟಪಟ್ಟಿದ್ದಾನೆ" ಅನ್ನುವುದು ಹೊಸ ಮಾಹಿತಿ ಅಲ್ಲ.

ಉಳಿದ ಕಾಲೇಜುಗಳಲ್ಲಿ ಒಂದನ್ನು ಆರಿಸುವಾಗ, ನಾಲ್ಕು ವರ್ಷವೂ ಅಲ್ಲೇ ಇರುತ್ತೇನೆ ಅಂದುಕೊಂಡೇ ಆರಿಸಿ. "ಹೇಗೂ ಬಿಟ್ಟು ಹೋಗುವುದಲ್ವಾ" ಅಂತ ಸುಮ್ನೆ ಯಾವುದೋ ಒಂದಕ್ಕೆ ಸೇರಿದವರು, ಟ್ರಾನ್ಸ್‌ಫರ್ ಸಿಗದೇ ಹೋದರೆ ಇಷ್ಟವಿಲ್ಲದ ಕಡೆ ಮೂರು ವರ್ಷ ಕಳೆಯಬೇಕಾಗುತ್ತದೆ.

ಕ್ಯಾಲಿಫೋರ್ನಿಯಾದ ಲೆಕ್ಕವೇ ಬೇರೆ

ಈ ಮಾತಿಗೆ ಒಂದು ದೊಡ್ಡ ಅಪವಾದ ಇದೆ. ಫ್ರೀಮಾಂಟ್, ಕ್ಯುಪರ್ಟಿನೋ, ಸನಿವೇಲ್ ಕಡೆ ಇರುವ ನಮ್ಮವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

1960ರಲ್ಲಿ ರಾಜ್ಯ ಉನ್ನತ ಶಿಕ್ಷಣಕ್ಕೆ ಮಾಡಿದ ಮಾಸ್ಟರ್ ಪ್ಲಾನ್ ಕಾಲದಿಂದಲೂ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ (ಮನೆ ಹತ್ತಿರದ, ಎರಡು ವರ್ಷದ ಸರ್ಕಾರಿ ಕಾಲೇಜು) ಎರಡು ವರ್ಷ ಓದಿ ಯುಸಿಗೆ ಹೋಗುವುದು ಒಂದು ರಾಜಮಾರ್ಗ. ಹೊಸದಾಗಿ ಮೊದಲ ವರ್ಷಕ್ಕೆ ಸೇರುವ ಇಬ್ಬರು ಫ್ರೆಶ್‌ಮನ್‌ಗಳಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿ ಇರಬೇಕು ಅನ್ನುವುದು ಯುಸಿಯ ಗುರಿ. ಟ್ರಾನ್ಸ್‌ಫರ್‌ನಲ್ಲಿ ಮೊದಲ ಆದ್ಯತೆ ರಾಜ್ಯದ ಕಮ್ಯುನಿಟಿ ಕಾಲೇಜಿನ ಮಕ್ಕಳಿಗೆ. ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ಸಾದ ಯುಸಿಎಲ್‌ಎಗೆ ಟ್ರಾನ್ಸ್‌ಫರ್ ಆಗಿ ಬರುವವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮಂದಿ ಅಲ್ಲಿಂದಲೇ ಬರುತ್ತಾರೆ.

ಈಗ ನಮ್ಮ ಮನೆಗಳಲ್ಲಿ ಆಗುವುದನ್ನು ನೋಡಿ. ಯುಸಿ ಬರ್ಕ್ಲಿ ಸಿಗಲಿಲ್ಲ, ಯುಸಿ ರಿವರ್‌ಸೈಡ್ ಸಿಕ್ಕಿತು. "ಅದೂ ಯುಸಿಯೇ, ಒಳಗೆ ಸೇರಿಕೊಂಡರೆ ಬರ್ಕ್ಲಿಗೆ ಹೋಗುವುದು ಸುಲಭ" ಅಂತ ಮನೆಯವರು ಅಂದುಕೊಳ್ಳುತ್ತಾರೆ. ನಿಜ ಇದಕ್ಕೆ ಉಲ್ಟಾ. ಡಿ ಆನ್ಜಾ, ಫುಟ್‌ಹಿಲ್, ಓಲೋನಿ, ಡಯಾಬ್ಲೊ ವ್ಯಾಲಿ ಥರದ ಕಮ್ಯುನಿಟಿ ಕಾಲೇಜಿನಿಂದ ಹಾಕುವ ಅರ್ಜಿಗೆ ಸಾಲಿನಲ್ಲಿ ಮುಂದಿನ ಜಾಗ. ಇನ್ನೊಂದು ಯುಸಿಯಿಂದ ಬರುವ ಅರ್ಜಿ ಅದರ ಹಿಂದೆ. ಹಾಗಾಗಿ ಯುಸಿಯ ಒಂದು ಕ್ಯಾಂಪಸ್ಸೇ ಬೇಕು ಅಂತ ಗಟ್ಟಿ ಮನಸ್ಸಿದ್ದರೆ, ಮನೆಯಿಂದ ಓಡಾಡಿಕೊಂಡು ಕಮ್ಯುನಿಟಿ ಕಾಲೇಜಿಗೆ ಹೋಗುವುದು ಖರ್ಚಿನಲ್ಲೂ ಅವಕಾಶದಲ್ಲೂ ಮೇಲು. "ಕಮ್ಯುನಿಟಿ ಕಾಲೇಜಾ?" ಅಂತ ಮೂಗು ಮುರಿಯುವ ನೆಂಟರಿಗೆ ಈ ಲೆಕ್ಕ ಗೊತ್ತಿಲ್ಲ. ಅವರ ಮಾತಿಗೆ ಮಕ್ಕಳ ಎರಡು ವರ್ಷವನ್ನು ಒಪ್ಪಿಸಬೇಡಿ.

ಇದರಲ್ಲಿ ಮಾಡಬೇಕಾದ ಕೆಲಸ ಇಷ್ಟು. ಅಸಿಸ್ಟ್ ಡಾಟ್ ಆರ್ಗ್ ಅನ್ನುವ ಅಧಿಕೃತ ಜಾಲತಾಣದಲ್ಲಿ ನಿಮ್ಮ ಕಮ್ಯುನಿಟಿ ಕಾಲೇಜು, ಯುಸಿ ಕ್ಯಾಂಪಸ್ಸು, ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಆರಿಸಿ. ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವ ಕೋರ್ಸಿಗೆ ಸಮ ಅಂತ ಸಾಲುಸಾಲಾಗಿ ತೋರಿಸುತ್ತದೆ. ಎದುರಿಗೆ "ಸಮನಾದ ಕೋರ್ಸು ಇಲ್ಲ" ಅಂತ ಬಂದರೆ ಅದನ್ನು ಬೇರೆ ಕಮ್ಯುನಿಟಿ ಕಾಲೇಜಿನಲ್ಲಿ ಓದಬೇಕಾಗಬಹುದು. ಮೊದಲ ಸೆಮಿಸ್ಟರಿಗೆ ಮುಂಚೆಯೇ ಈ ಪಟ್ಟಿ ಕೈಯಲ್ಲಿರಲಿ. ಬರ್ಕ್ಲಿ, ಯುಸಿಎಲ್‌ಎ ಸೇರುವುದು ಮೂರನೇ ವರ್ಷಕ್ಕೆ, ಅಷ್ಟರಲ್ಲಿ 60 ಸೆಮಿಸ್ಟರ್ ಯೂನಿಟ್ ಮುಗಿದಿರಬೇಕು.

ಇದರ ಜೊತೆಗೆ "ಟ್ಯಾಗ್" ಅನ್ನುವ ಖಾತ್ರಿ ಸೀಟಿನ ಒಪ್ಪಂದವೂ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಅರ್ಜಿಗೆ ಸಮಯ ಸೆಪ್ಟೆಂಬರ್ ತಿಂಗಳು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ಕೆಲವು ಕ್ಯಾಂಪಸ್ಸುಗಳಲ್ಲಿ ಎಂಜಿನಿಯರಿಂಗ್‌ನಂಥ ಮೇಜರ್‌ಗಳನ್ನು ಹೊರಗಿಟ್ಟಿದ್ದಾರೆ, ಅದನ್ನೂ ನೋಡಿಕೊಳ್ಳಿ. ಟ್ಯಾಗ್ ಸಿಕ್ಕಿತು ಅಂತ ಯುಸಿಯ ಮುಖ್ಯ ಅರ್ಜಿಯನ್ನು ಮರೆಯಬೇಡಿ. ಎರಡೂ ಹಾಕಬೇಕು.

ಕಾಲೇಜಿನ ಬಾಗಿಲು ಎಷ್ಟು ತೆರೆದಿದೆ?

ಖಾಸಗಿ ಕಾಲೇಜುಗಳ ಕಥೆಗೆ ಬರೋಣ. ಫ್ರೆಶ್‌ಮನ್ ಆಗಿ ಸಿಗುವ ಅವಕಾಶಕ್ಕೂ ಟ್ರಾನ್ಸ್‌ಫರ್ ಆಗಿ ಸಿಗುವ ಅವಕಾಶಕ್ಕೂ ಸಂಬಂಧವೇ ಇರುವುದಿಲ್ಲ. ಹಾಸ್ಟೆಲಿನಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ, ಎಷ್ಟು ಮಕ್ಕಳು ಬಿಟ್ಟು ಹೋದರು ಅನ್ನುವುದರ ಮೇಲೆ ಟ್ರಾನ್ಸ್‌ಫರ್ ಸೀಟು ನಿಂತಿರುತ್ತದೆ. ಹಾರ್ವರ್ಡ್‌ನಲ್ಲಿ ಬಿಟ್ಟು ಹೋಗುವವರು ತೀರಾ ಕಡಿಮೆ, ಹಾಗಾಗಿ ಅಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಜಾಗ. ಪ್ರಿನ್ಸ್‌ಟನ್ 1990ರಲ್ಲಿ ಟ್ರಾನ್ಸ್‌ಫರ್ ನಿಲ್ಲಿಸಿ, ಮತ್ತೆ ಶುರು ಮಾಡಿದ್ದು 2018ರಲ್ಲಿ. ಅದೂ ಸೈನ್ಯದಲ್ಲಿ ಇದ್ದವರು, ಕಮ್ಯುನಿಟಿ ಕಾಲೇಜಿನವರು, ಕಡಿಮೆ ಆದಾಯದ ಮನೆಯವರು ಬರಲಿ ಅಂತ. ಇನ್ನೊಂದು ಕಡೆ ಕಾರ್ನೆಲ್ ಪ್ರತಿ ವರ್ಷ ನೂರಾರು ಟ್ರಾನ್ಸ್‌ಫರ್ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಲಾಸ್ ಏಂಜಲೀಸ್‌ನ ಖಾಸಗಿ ಯೂನಿವರ್ಸಿಟಿ ಯುಎಸ್‌ಸಿ ಸಾವಿರಕ್ಕಿಂತ ಜಾಸ್ತಿ.

ನಿಮ್ಮ ಕಾಲೇಜಿನ ಲೆಕ್ಕವನ್ನು ನೀವೇ ತೆಗೆಯಬಹುದು. ಗೂಗಲ್‌ನಲ್ಲಿ ಕಾಲೇಜಿನ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಅಂತ ಹಾಕಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಇದನ್ನು ಪಿಡಿಎಫ್ ಆಗಿ ಹಾಕುತ್ತವೆ. ಅದರಲ್ಲಿ ಡಿ ಅನ್ನುವ ಭಾಗಕ್ಕೆ ಹೋಗಿ. ಡಿ2 ಕೋಷ್ಟಕದಲ್ಲಿ ಮೂರು ಸಂಖ್ಯೆ ಇರುತ್ತವೆ: ಎಷ್ಟು ಜನ ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸೀಟು ಕೊಟ್ಟರು, ಎಷ್ಟು ಜನ ಸೇರಿದರು. ಲೆಕ್ಕಕ್ಕೆ 1,500 ಅರ್ಜಿ, 30 ಸೀಟು ಅಂತ ಇಟ್ಟುಕೊಳ್ಳಿ. ಅಂದರೆ ನೂರಕ್ಕೆ ಎರಡು. ಸಿ1 ಕೋಷ್ಟಕದಲ್ಲಿ ಫ್ರೆಶ್‌ಮನ್ ಸಂಖ್ಯೆ ಸಿಗುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರ್ನಾಲ್ಕು ವರ್ಷದ್ದು ನೋಡಿದರೆ ಇನ್ನೂ ಒಳ್ಳೆಯದು. ಒಂದೇ ವರ್ಷದ ಸಂಖ್ಯೆ ದಾರಿ ತಪ್ಪಿಸಬಹುದು.

ಅದೇ ಡಿ ಭಾಗದಲ್ಲಿ ಇನ್ನೂ ಕೆಲವು ಕೆಲಸಕ್ಕೆ ಬರುವ ಸಾಲುಗಳಿವೆ. ಅರ್ಜಿ ಹಾಕಲು ಕನಿಷ್ಠ ಎಷ್ಟು ಕ್ರೆಡಿಟ್ ಬೇಕು, ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರಾ, ಹೊರಗಿನಿಂದ ಗರಿಷ್ಠ ಎಷ್ಟು ಕ್ರೆಡಿಟ್ ಒಪ್ಪುತ್ತಾರೆ, ಡಿಗ್ರಿಗೆ ತಮ್ಮಲ್ಲೇ ಕನಿಷ್ಠ ಎಷ್ಟು ಓದಬೇಕು. ಆದರೆ ಮೇಜರ್ ಪ್ರಕಾರ ಎಷ್ಟು ಸೀಟು ಅನ್ನುವುದು ಅಲ್ಲಿ ಸಿಗದು. ಕಂಪ್ಯೂಟರ್ ಸೈನ್ಸ್ ಬೇಕಿದ್ದರೆ ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಹಾಕಿ ನೇರವಾಗಿ ಕೇಳಿ: ಈ ಮೇಜರ್‌ಗೆ ಟ್ರಾನ್ಸ್‌ಫರ್ ತಗೊಳ್ತೀರಾ? ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ಬದಲಾಯಿಸಬಹುದಾ? ಎರಡನೇ ಪ್ರಶ್ನೆಗೆ ಎಷ್ಟೋ ಕಡೆ ಉತ್ತರ "ಇಲ್ಲ" ಅಂತಲೇ ಬರುತ್ತದೆ.

ಕಾಲೇಜಿನ ಹೆಸರು ಬಿಟ್ಟು ಕಾರಣ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು, ಯಾಕೆ ಟ್ರಾನ್ಸ್‌ಫರ್ ಬೇಕು ಅಂತ ಬರೆಯಿರಿ. ನಿಯಮ ಒಂದೇ, ಕನಸಿನ ಕಾಲೇಜಿನ ಹೆಸರಾಗಲಿ, ರ‍್ಯಾಂಕಿಂಗ್ ಆಗಲಿ ಬರಕೂಡದು.

"ನನಗೆ ಭಾಷಾವಿಜ್ಞಾನ ಓದಬೇಕು, ನನ್ನ ಈಗಿನ ಕಾಲೇಜಿನಲ್ಲಿ ಆ ಮೇಜರ್ ಇಲ್ಲ, ಇರುವುದು ಎರಡೇ ಕೋರ್ಸು." ಇದು ಕಾರಣ. "ಅಮ್ಮನಿಗೆ ಹುಷಾರಿಲ್ಲ, ಮನೆಗೆ ಹತ್ತಿರ ಇರಬೇಕು." ಇದೂ ಕಾರಣ. "ಇಲ್ಲಿ ಫೀಸು ಜಾಸ್ತಿ, ರಾಜ್ಯದ ಯೂನಿವರ್ಸಿಟಿಗೆ ಹೋದರೆ ಸಾಲವಿಲ್ಲದೆ ಮುಗಿಯುತ್ತದೆ." ಖಂಡಿತ ಕಾರಣ, ಬಹುಶಃ ಎಲ್ಲಕ್ಕಿಂತ ಗಟ್ಟಿ. "ಇಲ್ಲಿನ ಮಕ್ಕಳು ಸೀರಿಯಸ್ ಅಲ್ಲ" ಅಂತ ಬರೆದಿದ್ದರೆ ಸ್ವಲ್ಪ ನಿಲ್ಲಿ. ಆನರ್ಸ್ ಪ್ರೋಗ್ರಾಂ ನೋಡಿದಿರಾ? ಪ್ರೊಫೆಸರ್ ಜೊತೆ ರಿಸರ್ಚ್ ಕೇಳಿದಿರಾ? ಬೇರೆ ಕ್ಲಬ್ಬಿಗೆ ಹೋಗಿ ನೋಡಿದಿರಾ? ರೂಮ್‌ಮೇಟ್ ಸರಿ ಇಲ್ಲ, ಚಳಿ ಜಾಸ್ತಿ, ಊಟ ಸೇರಲ್ಲ ಅನ್ನುವುದೆಲ್ಲ ನಿಜವಾದ ಕಷ್ಟಗಳೇ. ಆದರೆ ಅವು ಹೊಸ ಕಾಲೇಜಿನಲ್ಲೂ ಬರಬಹುದು.

ಹೆಸರು ತೆಗೆದ ಮೇಲೆ ಹಾಳೆ ಖಾಲಿ ಉಳಿದರೆ, ನಿಮಗೆ ಬೇಕಾಗಿರುವುದು ಆ ಅಡ್ಮಿಷನ್ ಆಫೀಸು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ. ಆ ಆಸೆ ನನಗೆ ಅರ್ಥವಾಗುತ್ತದೆ. 17 ವರ್ಷದ ಮಗುವಿಗೆ ಅದು ತುಂಬಾ ನೋಯುವ ಪೆಟ್ಟು. ಆದರೂ ಆ ಒಂದು ಆಸೆಗಾಗಿ ಗೆಳೆಯರು, ಕ್ರೆಡಿಟ್ಟು, ಸ್ಕಾಲರ್‌ಶಿಪ್ಪು ಎಲ್ಲ ಬಿಟ್ಟು ಹೋಗಬೇಡಿ ಅಂತಲೇ ಹೇಳುತ್ತೇನೆ.

ಹೆಸರಿಗೆ ಬೆಲೆಯೇ ಇಲ್ವಾ ಅಂತ ಅಪ್ಪಂದಿರು ಕೇಳುತ್ತಾರೆ. ಇದರ ಮೇಲೆ ಒಳ್ಳೆಯ ಅಧ್ಯಯನಗಳು ಆಗಿವೆ. 2002ರಲ್ಲಿ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿದ ಮಕ್ಕಳನ್ನು ಹೋಲಿಸಿದರು. ಹೆಚ್ಚು ಹೆಸರಿನ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಮುಂದೆ ಸಂಬಳದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ ಲಾಭ ಇತ್ತು. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್ಮನ್ ಹಾರ್ವರ್ಡ್, ಪ್ರಿನ್ಸ್‌ಟನ್ ಥರದ ಐವಿ ಮಟ್ಟದ 12 ಕಾಲೇಜುಗಳನ್ನು ನೋಡಿದರು. ಸರಾಸರಿ ಸಂಬಳ ಹೆಚ್ಚೇನೂ ಬದಲಾಗುವುದಿಲ್ಲ, ಆದರೆ ಆದಾಯದಲ್ಲಿ ಅತಿ ಮೇಲಿನ ನೂರಕ್ಕೆ ಒಬ್ಬರ ಗುಂಪಿಗೆ ಸೇರುವ ಸಾಧ್ಯತೆ ಸುಮಾರು ಅರ್ಧದಷ್ಟು ಏರುತ್ತದೆ ಅಂತ ಕಂಡರು. ಈ ಎರಡರಿಂದ ನನಗೆ ತೋರುವುದು ಇಷ್ಟು: ಕೆಲವೇ ಕೆಲವು ಬಾಗಿಲುಗಳಿಗೆ ಹೆಸರು ಬೇಕು. ಒಳ್ಳೆಯ ಕೆಲಸ, ಒಳ್ಳೆಯ ಜೀವನಕ್ಕೆ ಬೇಕಿಲ್ಲ.

ಮೊದಲ ಸೆಮಿಸ್ಟರ್: ಎರಡೂ ಬಾಗಿಲು ತೆರೆದಿಡಿ

ಹೆಚ್ಚಿನ ಖಾಸಗಿ ಕಾಲೇಜುಗಳಿಗೆ ಟ್ರಾನ್ಸ್‌ಫರ್ ಅರ್ಜಿಯ ಕೊನೆಯ ದಿನ ಮಾರ್ಚ್ 1ರ ಆಸುಪಾಸು. ಯುಎಸ್‌ಸಿಯಂಥವು ಫೆಬ್ರವರಿಯಲ್ಲೇ ಮುಗಿಸುತ್ತವೆ. ಅಂದರೆ ಎರಡನೇ ವರ್ಷಕ್ಕೆ ಸೇರಲು ಅರ್ಜಿ ಹಾಕುವ ಮಗುವಿನ ಕೈಯಲ್ಲಿ ಇರುವುದು ಒಂದೇ ಸೆಮಿಸ್ಟರಿನ ಗ್ರೇಡು. ಉಳಿದದ್ದೆಲ್ಲ, ಹೈಸ್ಕೂಲ್ ಮಾರ್ಕ್ಸು, ಎಸ್‌ಎಟಿ, ಎಲ್ಲ ಕಳೆದ ವರ್ಷ ಅವರು ಬೇಡ ಅಂದ ಅದೇ ಫೈಲು. ಮೂರನೇ ವರ್ಷಕ್ಕೆ ಅಂತ ಇನ್ನೊಂದು ವರ್ಷ ತಡೆದು ಹಾಕಿದರೆ ಮೂರು ಸೆಮಿಸ್ಟರಿನ ಕಾಲೇಜು ಗ್ರೇಡು ಮುಂದೆ ಬಂದು ಹೈಸ್ಕೂಲಿನ ಮಾತು ಹಿಂದೆ ಸರಿಯುತ್ತದೆ. ಹೈಸ್ಕೂಲಿನಲ್ಲಿ ಗ್ರೇಡು ಕಡಿಮೆ ಇದ್ದವರಿಗೆ ಕಾಯುವುದೇ ಒಳ್ಳೆಯದು. ಆದರೆ ಎರಡು ವರ್ಷ ಕಳೆದ ಮೇಲೆ ಕಿತ್ತುಕೊಂಡು ಹೋಗುವುದು ಮನಸ್ಸಿಗೆ ಕಷ್ಟ.

ಈ ಸೆಮಿಸ್ಟರಿನಲ್ಲಿ ಗಮನ ಕೊಡಬೇಕಾದದ್ದು ಮೂರು ಕಡೆ. ಮೊದಲನೆಯದು ಕೋರ್ಸು. ಕ್ಯಾಲ್ಕ್ಯುಲಸ್, ಬರವಣಿಗೆ, ಲ್ಯಾಬ್ ಇರುವ ಫಿಸಿಕ್ಸ್ ಅಥವಾ ಕೆಮಿಸ್ಟ್ರಿಯಂಥವನ್ನು ಎಲ್ಲ ಕಡೆ ಒಪ್ಪುತ್ತಾರೆ. ಆ ಕಾಲೇಜಿಗೇ ವಿಶೇಷವಾದ "ಫ್ರೆಶ್‌ಮನ್ ಅನುಭವ" ಥರದ ಕೋರ್ಸಿನ ಕ್ರೆಡಿಟ್ ಹೊರಗೆ ಹೋಗುವುದು ಅನುಮಾನ. ಪ್ರತಿ ಕೋರ್ಸಿನ ಸಿಲಬಸ್ಸನ್ನೂ ಪಿಡಿಎಫ್ ಮಾಡಿ ಒಂದು ಫೋಲ್ಡರಿಗೆ ಹಾಕಿಡಿ. ಸೆಮಿಸ್ಟರ್ ಮುಗಿದ ಮೇಲೆ ಅದು ಸಿಗದೇ ಹೋಗಬಹುದು.

ಎರಡನೆಯದು ಪ್ರೊಫೆಸರು. ಶಿಫಾರಸು ಪತ್ರ ಪಾಠ ಮಾಡಿದ ಪ್ರೊಫೆಸರಿಂದ ಬೇಕು, ಟಿಎ (ಪ್ರೊಫೆಸರಿಗೆ ಪಾಠದಲ್ಲಿ ನೆರವಾಗುವ ವಿದ್ಯಾರ್ಥಿ) ಬರೆದದ್ದು ಹೆಚ್ಚಿನ ಕಡೆ ನಡೆಯುವುದಿಲ್ಲ. ಮುನ್ನೂರು ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತ ಮಗುವಿನ ಬಗ್ಗೆ ಅವರು ಏನು ಬರೆದಾರು? ನಮ್ಮ ಮಕ್ಕಳಿಗೆ, ಪ್ರೊಫೆಸರು ವಿದ್ಯಾರ್ಥಿಗಳ ಭೇಟಿಗೆ ಅಂತ ಇಟ್ಟ ಆಫೀಸ್ ಅವರ್ಸ್‌ಗೆ ಹೋಗುವುದು ಅಂದರೆ ಸಂಕೋಚ. ಓದಲು ಬರದವರು ಹೋಗುವ ಜಾಗ ಅಂದುಕೊಂಡಿರುತ್ತಾರೆ. ಹೋಮ್‌ವರ್ಕಿನ ಒಂದು ಲೆಕ್ಕವನ್ನು ಬೇರೆ ದಾರಿಯಲ್ಲಿ ಬಿಡಿಸಿಕೊಂಡು, "ಇದು ಯಾಕೆ ಇಲ್ಲಿ ತಪ್ಪುತ್ತದೆ?" ಅಂತ ಕೇಳಲು ಹೋಗಲಿ. ಎರಡು ಸಲ ಹಾಗೆ ಹೋದರೆ ಪ್ರೊಫೆಸರಿಗೆ ಹೆಸರು ನೆನಪಿರುತ್ತದೆ. ಚಿಕ್ಕ ಸೆಮಿನಾರ್ ಕ್ಲಾಸು ಒಂದಾದರೂ ತೆಗೆದುಕೊಂಡರೆ ಈ ಕೆಲಸ ಇನ್ನೂ ಸಲೀಸು.

ಮೂರನೆಯದು, ಇದೇ ಮುಖ್ಯ, ಈಗ ಇರುವ ಕಾಲೇಜಿಗೆ ನಿಜವಾಗಿ ಒಂದು ಅವಕಾಶ ಕೊಡಿ. ಪ್ರತಿ ವಾರಾಂತ್ಯ ಮನೆಗೆ ಓಡಿ ಬರಬೇಡಿ. ಒಂದು ಕ್ಲಬ್ಬಿಗೆ ಸೇರಿ, ಒಂದು ಕೆಲಸ ವಹಿಸಿಕೊಳ್ಳಿ. ಟ್ರಾನ್ಸ್‌ಫರ್ ಅರ್ಜಿಗೂ ಅದು ಬೇಕು, ಅಲ್ಲೇ ಉಳಿದರೂ ಅದು ಬೇಕು. ಬಿಟ್ಟು ಹೋಗುವವರ ಹಾಗೆ ಬದುಕಿದರೆ ಯಾವ ಕಾಲೇಜೂ ಹಿಡಿಸುವುದಿಲ್ಲ.

ಕ್ರೆಡಿಟ್, ದುಡ್ಡು, ವೀಸಾ

ಅಮೆರಿಕ ಸರ್ಕಾರದ ಲೆಕ್ಕ ತಪಾಸಣೆ ಸಂಸ್ಥೆ ಜಿಎಓ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಾಯಿಸಿದವರು ಸರಾಸರಿ ನೂರಕ್ಕೆ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಹೊಂದಾಣಿಕೆ ಇರುವ ಸರ್ಕಾರಿ ಕಾಲೇಜುಗಳ ನಡುವೆ ಈ ನಷ್ಟ ಕಡಿಮೆ, ಉಳಿದ ಕಡೆ ಜಾಸ್ತಿ. ಒಂದು ಸೆಮಿಸ್ಟರ್ ಹೆಚ್ಚಾದರೆ ಅದರ ಫೀಸು, ಹಾಸ್ಟೆಲು, ಆರು ತಿಂಗಳ ಸಂಬಳ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಷ್ಟೋ ಖಾಸಗಿ ಕಾಲೇಜುಗಳು ಎರಡು ವರ್ಷ ತಮ್ಮಲ್ಲೇ ಓದಬೇಕು ಅನ್ನುತ್ತವೆ. ಇನ್ನೊಂದು ಸೂಕ್ಷ್ಮವೂ ಇದೆ: ಕ್ರೆಡಿಟ್ ಒಪ್ಪಿಕೊಂಡರು ಅಂದ ಮಾತ್ರಕ್ಕೆ ಮೇಜರಿಗೆ ಲೆಕ್ಕ ಆಗುತ್ತದೆ ಅಂತಲ್ಲ. "ಐಚ್ಛಿಕ" ಅಂತ ಹಾಕಿ, ಅದೇ ವಿಷಯವನ್ನು ಮತ್ತೆ ಓದಿ ಅನ್ನಬಹುದು.

ದುಡ್ಡಿನಲ್ಲಿ ಮೊದಲು ನೋಡಬೇಕಾದ್ದು ಈಗ ಸಿಗುತ್ತಿರುವ ಮೆರಿಟ್ ಸ್ಕಾಲರ್‌ಶಿಪ್. ಬಿಟ್ಟರೆ ಅದು ಹೋಯಿತು. ಹೊಸ ಕಡೆ ಫ್ರೆಶ್‌ಮನ್‌ಗೆ ಕೊಡುವಷ್ಟು ಮೆರಿಟ್ ಹಣ ಟ್ರಾನ್ಸ್‌ಫರ್ ಮಕ್ಕಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಖರ್ಚು ಅಂದಾಜು ಮಾಡಿಕೊಡುವ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರಿನಲ್ಲಿ ಬರುವ ಅಂಕಿ ಫ್ರೆಶ್‌ಮನ್‌ಗೆ ಅಂತಲೇ ಮಾಡಿದ್ದು, ಹಾಗಾಗಿ ಫೈನಾನ್ಶಿಯಲ್ ಏಡ್ ಆಫೀಸಿಗೆ ಬೇರೆಯಾಗಿ ಕೇಳಿ. ಕಮ್ಯುನಿಟಿ ಕಾಲೇಜಿನಿಂದ ಹೋಗುವ, ಮನೆಯಲ್ಲಿ ಅನುಕೂಲ ಕಡಿಮೆ ಇರುವ ಮಕ್ಕಳಿಗೆ ಜ್ಯಾಕ್ ಕೆಂಟ್ ಕುಕ್ ಫೌಂಡೇಶನ್ನಿನ ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್ ಒಂದು ಇದೆ, ಗಮನಿಸಿ.

ವೀಸಾ ವಿಷಯ ನಮ್ಮವರಿಗೆ ಬಹಳ ಮುಖ್ಯ. ಎಚ್-4ನಲ್ಲಿರುವ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಆಧಾರದ ಮೇಲೆ ಸಿಗುವ ವೀಸಾ) ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯುತ್ತದೆ, ಅಷ್ಟರೊಳಗೆ ವಿದ್ಯಾರ್ಥಿ ವೀಸಾ ಎಫ್-1ಗೆ ಹೋಗಬೇಕು. ಟ್ರಾನ್ಸ್‌ಫರ್‌ನಿಂದ ಒಂದು ವರ್ಷ ಜಾಸ್ತಿಯಾದರೆ ಆ ಹುಟ್ಟುಹಬ್ಬ ಡಿಗ್ರಿಯ ನಡುವೆ ಎಲ್ಲಿ ಬೀಳುತ್ತದೆ ಅಂತ ನೋಡಿಕೊಳ್ಳಿ. ರಾಜ್ಯದವರಿಗೆ ಇರುವ ಕಡಿಮೆ ಫೀಸು ಸಿಗುತ್ತದೋ ಇಲ್ಲವೋ ಅನ್ನುವುದೂ ವೀಸಾ ಮತ್ತು ರಾಜ್ಯದ ಮೇಲೆ ನಿಂತಿದೆ. ಎಚ್-4, ಎಫ್-1 ಮಕ್ಕಳಿಗೆ ಫೆಡರಲ್ ಸಹಾಯಧನ ಇಲ್ಲ.

ಕರ್ನಾಟಕದಲ್ಲಿ ಓದುತ್ತಾ ಅಮೆರಿಕಕ್ಕೆ ಟ್ರಾನ್ಸ್‌ಫರ್ ಹಾಕುವವರೂ ಇದ್ದಾರೆ. ವಿಟಿಯು ಕಾಲೇಜಿನಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಮುಗಿಸಿದವರ ಮಾರ್ಕ್ಸ್ ಕಾರ್ಡನ್ನು ಅಮೆರಿಕದ ಕಾಲೇಜಿನವರು ವಿಷಯ ವಿಷಯವಾಗಿ ಬಿಡಿಸಿ ನೋಡುತ್ತಾರೆ. ಹಾಗಾಗಿ ಪ್ರತಿ ವಿಷಯದ ಸಿಲಬಸ್ಸು, ಪಿಯುಸಿ ಅಂಕಪಟ್ಟಿ, ಯೂನಿವರ್ಸಿಟಿಯ ಮುಚ್ಚಿದ ಲಕೋಟೆಯ ಟ್ರಾನ್ಸ್‌ಕ್ರಿಪ್ಟು ಮೊದಲೇ ತಯಾರಾಗಿರಲಿ. ಕೆಲವು ಯೂನಿವರ್ಸಿಟಿಗಳು, ಹೊರದೇಶದ ಅಂಕಪಟ್ಟಿ ಪರಿಶೀಲಿಸುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯ ಮೌಲ್ಯಮಾಪನವನ್ನೂ ಕೇಳುತ್ತವೆ. ಹೊರದೇಶದ ಟ್ರಾನ್ಸ್‌ಫರ್ ಮಕ್ಕಳಿಗೆ ಹಣದ ಸಹಾಯ ತೀರಾ ವಿರಳ. ಪೂರ್ತಿ ಖರ್ಚು ಹೊರುವ ಶಕ್ತಿ ಮನೆಗೆ ಇಲ್ಲದಿದ್ದರೆ, ಕರ್ನಾಟಕದಲ್ಲೇ ಡಿಗ್ರಿ ಮುಗಿಸಿ ಎಂಎಸ್‌ಗೆ ಹೋಗುವುದೇ ಸರಿ ಅಂತ ನನ್ನ ಅಭಿಪ್ರಾಯ.

ಜನವರಿಯಲ್ಲಿ ಕೂತು ತೀರ್ಮಾನಿಸಿ

ಚಳಿಗಾಲದ ರಜೆಯಲ್ಲಿ ಮಗು ಮನೆಗೆ ಬಂದಿರುತ್ತದೆ. ಗ್ರೇಡು ಬಂದಿರುತ್ತದೆ. ಬಂದ ದಿನವೇ ಈ ಮಾತು ತೆಗೆಯಬೇಡಿ. ನಾಲ್ಕು ದಿನ ಸಾರು ಅನ್ನ ಉಂಡು ನಿದ್ದೆ ಮಾಡಲಿ. ಆಮೇಲೆ ಒಂದು ಮಧ್ಯಾಹ್ನ ಟಿವಿ ಆಫ್ ಮಾಡಿ ಕೂತುಕೊಳ್ಳಿ. ಕಾರಣ ಬರೆದಿಟ್ಟ ಆ ಹಾಳೆ ತೆಗೆಯಿರಿ. ಆ ಕಾರಣ ಈಗಲೂ ಇದೆಯಾ? ಎಷ್ಟೋ ಮಕ್ಕಳು ಅದನ್ನು ಓದಿ "ಈಗ ಬೇಡ ಅನ್ಸುತ್ತೆ" ಅಂತ ಅವರೇ ಹೇಳುತ್ತಾರೆ. ಹಾಗೆ ಹೇಳಿದರೆ ನಂಬಿ. ಅಪ್ಪ ಅಮ್ಮನ ಆಸೆಗೆ ಅರ್ಜಿ ಹಾಕಿಸಬೇಡಿ.

ಕಾರಣ ಇನ್ನೂ ಗಟ್ಟಿಯಾಗಿದ್ದರೆ, ಗ್ರೇಡು ಚೆನ್ನಾಗಿದ್ದರೆ, ಡಿ2 ಸಂಖ್ಯೆ ತೀರಾ ನಿರಾಶೆ ಹುಟ್ಟಿಸದಿದ್ದರೆ, ದುಡ್ಡಿನ ಲೆಕ್ಕ ಕೂಡಿಬಂದರೆ ಹಾಕಿ. ನಾಲ್ಕರಲ್ಲಿ ದುಡ್ಡು ಒಂದು ಕೂಡಿಬರದಿದ್ದರೂ ನಾನು ಬೇಡ ಅನ್ನುತ್ತೇನೆ. ಉಳಿದವನ್ನು ಪ್ರಯತ್ನದಿಂದ ಸರಿ ಮಾಡಬಹುದು, ಸಾಲವನ್ನು ವರ್ಷಗಟ್ಟಲೆ ಹೊರಬೇಕು. ಸಂಖ್ಯೆ ನೂರಕ್ಕೆ ಎರಡು ಇದ್ದರೆ ಆ ಒಂದೇ ಕಾಲೇಜಿಗೆ ಹಾಕಿ ಕೂರಬೇಡಿ. ನೀವು ಬರೆದ ಕಾರಣಕ್ಕೆ ಹೊಂದುವ ಇನ್ನೂ ಎರಡು ಮೂರು ಕಾಲೇಜು ಸೇರಿಸಿ. ಬೇರೆ ಯಾವ ಕಾಲೇಜೂ ಆ ಕಾರಣಕ್ಕೆ ಹೊಂದುವುದಿಲ್ಲ ಅನ್ನಿಸಿದರೆ, ಹಾಳೆಯನ್ನು ಇನ್ನೊಮ್ಮೆ ಓದಿ.

ಅರ್ಜಿ

ಎಷ್ಟೋ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಟ್ರಾನ್ಸ್‌ಫರ್‌ಗೆ ಬೇರೆಯದೇ ಅರ್ಜಿ ಇದೆ. ಅದಕ್ಕೆ ಈಗಿನ ಕಾಲೇಜಿನ ಟ್ರಾನ್ಸ್‌ಕ್ರಿಪ್ಟು, ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟು, ಪ್ರೊಫೆಸರ ಪತ್ರ ಬೇಕು. ಜೊತೆಗೆ ಎರಡು ಕಾಗದಗಳು ಕೊನೆ ಗಳಿಗೆಯಲ್ಲಿ ತಲೆನೋವು ಕೊಡುತ್ತವೆ. ಒಂದು ಕಾಲೇಜ್ ರಿಪೋರ್ಟ್, ಈಗಿನ ಕಾಲೇಜಿನ ಡೀನ್ ಅಥವಾ ರಿಜಿಸ್ಟ್ರಾರ್ ಆಫೀಸು ಮಗುವಿನ ನಡತೆ ಸರಿ ಇದೆ ಅಂತ ತುಂಬಿಕೊಡುವುದು. ಇನ್ನೊಂದು ಮಿಡ್‌ಟರ್ಮ್ ರಿಪೋರ್ಟ್, ನಡೆಯುತ್ತಿರುವ ಸೆಮಿಸ್ಟರಿನ ಗ್ರೇಡನ್ನು ಪ್ರತಿ ಪ್ರೊಫೆಸರಿಂದ ಬರೆಸಿಕೊಳ್ಳುವುದು. ಫೆಬ್ರವರಿ ಮೊದಲ ವಾರದಲ್ಲೇ ಕೇಳಲು ಶುರು ಮಾಡಿ.

ಪ್ರಬಂಧದಲ್ಲಿ ಈಗಿನ ಕಾಲೇಜನ್ನು ಬೈಯಬೇಡಿ. "ಇಲ್ಲಿ ಪಾಠ ಚೆನ್ನಾಗಿಲ್ಲ" ಅಂತ ಬರೆದರೆ ಓದುವವರಿಗೆ ಮಗುವಿನ ಸ್ವಭಾವವೇ ಕಾಣುತ್ತದೆ. ಕಳೆದ ವರ್ಷ ರಿಜೆಕ್ಟ್ ಆದದ್ದನ್ನೂ ಎತ್ತಬೇಡಿ. ಹೀಗೆ ಬರೆದು ನೋಡಿ: "ನನ್ನ ಮೊದಲ ಸೆಮಿಸ್ಟರಿನ ಧ್ವನಿವಿಜ್ಞಾನದ ಕ್ಲಾಸಿನಲ್ಲಿ ಕನ್ನಡದ ಳಕಾರವನ್ನು ರೆಕಾರ್ಡ್ ಮಾಡಿ ತರಂಗ ತೆಗೆದೆ. ನನ್ನ ಪ್ರೊಫೆಸರು ಮುಂದಿನ ಪ್ರಶ್ನೆಗೆ ಬೇಕಾದ ಲ್ಯಾಬ್ ನಮ್ಮಲ್ಲಿ ಇಲ್ಲ ಅಂದರು." ಇಲ್ಲಿ ಈಗಿನ ಕಾಲೇಜಿನ ಮೇಲೆ ಕೃತಜ್ಞತೆಯೂ ಇದೆ, ಬಿಡುವ ಕಾರಣವೂ ಇದೆ. ಆಮೇಲೆ ಹೊಸ ಕಾಲೇಜಿನ ಯಾವ ಕೋರ್ಸು, ಯಾವ ಲ್ಯಾಬು, ಯಾರ ಕೆಲಸ ಅಂತ ಹೆಸರು ಹಿಡಿದು ಬರೆಯಿರಿ. ಕಾಲೇಜಿನ ಹೆಸರು ಬದಲಾಯಿಸಿದರೂ ಪ್ರಬಂಧ ಹಾಗೇ ನಿಲ್ಲುತ್ತದೆ ಅನ್ನಿಸಿದರೆ, ಇನ್ನೂ ಬರೆದು ಮುಗಿದಿಲ್ಲ.

ಉತ್ತರ ಬರುವವರೆಗೆ, ಬಂದ ಮೇಲೆ

ಟ್ರಾನ್ಸ್‌ಫರ್ ಫಲಿತಾಂಶ ಹೆಚ್ಚಾಗಿ ಮೇ, ಜೂನ್‌ನಲ್ಲಿ ಬರುತ್ತದೆ. ಅಷ್ಟರಲ್ಲಿ ಈಗಿನ ಕಾಲೇಜಿನಲ್ಲಿ ಮುಂದಿನ ವರ್ಷದ ಕೋರ್ಸಿಗೆ ಹೆಸರು ಹಾಕಿ, ರೂಮನ್ನೂ ಹಿಡಿದಿಡಿ. ರೂಮು ಬಿಟ್ಟರೆ ದಂಡ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಸೀಟು ಸಿಕ್ಕರೆ ತಕ್ಷಣ ಡೆಪಾಸಿಟ್ ಕಟ್ಟಬೇಡಿ. ಯಾವ ಕ್ರೆಡಿಟ್ ಯಾವುದಕ್ಕೆ ಲೆಕ್ಕ ಅನ್ನುವ ಪಟ್ಟಿಯನ್ನೂ ಹಣದ ಸಹಾಯದ ಪತ್ರವನ್ನೂ ಬರಹದಲ್ಲಿ ತರಿಸಿಕೊಳ್ಳಿ. ಬರಲು ತಡವಾದರೆ ಇನ್ನೊಂದು ವಾರ ಸಮಯ ಕೊಡಿ ಅಂತ ಕೇಳಿ. ಈಗಿನ ಕಾಲೇಜನ್ನು ಬಿಡುವಾಗ, ಅಲ್ಲಿನ ನಿಯಮ ಒಪ್ಪಿದರೆ ಪೂರ್ತಿ ಹೆಸರು ತೆಗೆಸುವ ಬದಲು ರಜೆಯ ಮೇಲೆ ಹೋಗಬಹುದಾ ವಿಚಾರಿಸಿ. ಎಫ್-1 ಮಕ್ಕಳು ಹಳೆಯ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಆಫೀಸಿಗೆ ಹೋಗಿ ಸೆವಿಸ್ (ಸರ್ಕಾರ ಹೊರದೇಶದ ವಿದ್ಯಾರ್ಥಿಗಳ ಲೆಕ್ಕ ಇಡುವ ವ್ಯವಸ್ಥೆ) ದಾಖಲೆಯನ್ನು ಯಾವ ದಿನ ಬಿಡುಗಡೆ ಮಾಡಬೇಕು ಅಂತ ಗೊತ್ತುಮಾಡಿಕೊಳ್ಳಬೇಕು. ಆ ದಿನ ಆದ ಮೇಲೆ ಹೊಸ ಕಾಲೇಜು ಎಫ್-1ಗೆ ಬೇಕಾದ ಐ-20 ಪತ್ರ ಕೊಡುತ್ತದೆ.

ಸಿಗದೇ ಹೋದರೆ, ಕೋರ್ಸು ರೂಮು ಎರಡೂ ಇವೆ, ಗೆಳೆಯರೂ ಇದ್ದಾರೆ, ಆಗಸ್ಟ್‌ನಲ್ಲಿ ವಾಪಸ್ ಹೋಗುವುದು. ಮೂರನೇ ವರ್ಷಕ್ಕೆ ಮತ್ತೆ ಹಾಕಬೇಕೇ ಅಂದರೆ, ಫೈಲಿನಲ್ಲಿ ನಿಜವಾಗಿ ಹೊಸದು ಸೇರಿದ್ದರೆ ಮಾತ್ರ. ಪ್ರೊಫೆಸರಿಗೆ ಒಂದು ಧನ್ಯವಾದದ ಇಮೇಲ್ ಹಾಕಿ, ಫಲಿತಾಂಶ ಏನಾಯಿತು ಅಂತ ತಿಳಿಸಿ. ಅದೇ ಇಮೇಲಿನಲ್ಲಿ, ಸೆಪ್ಟೆಂಬರಿನಿಂದ ನಿಮ್ಮ ಲ್ಯಾಬಿನಲ್ಲಿ ಏನಾದರೂ ಕೆಲಸ ಇದೆಯಾ ಅಂತಲೂ ಕೇಳಿಬಿಡಿ.